ತಾರಸಿಯ ಮೇಲೊಂದು ಆಂಟೆನಾ, ಗಾಳಿಯಲ್ಲಿ ಕನ್ನಡ

(ಯುವಕರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಅಕ್ಷರರೂಪ)



ಮೊದಲು ಒಂದು ಪ್ರಶ್ನೆ. 'ಆಕಾಶವಾಣಿ' ಎಂಬ ಹೆಸರು ಎಲ್ಲಿಂದ ಬಂತು? ದೆಹಲಿಯಿಂದ ಬಂತು ಎಂದು ನಿಮ್ಮಲ್ಲಿ ಹಲವರು ತಿಳಿದಿರಬಹುದು. ಅಲ್ಲ, ಅದು ಬಂದದ್ದು ನಮ್ಮ ಮೈಸೂರಿನಿಂದ. ೧೯೩೫ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಪುಟ್ಟ ಪ್ರೇಷಕ ಇಟ್ಟುಕೊಂಡು ಬಾನುಲಿ ನಿಲಯ ಶುರುಮಾಡಿದರು. ಅದಕ್ಕೆ ಆಕಾಶವಾಣಿ ಎಂದು ಹೆಸರಾಯಿತು. ಮುಂದೆ ಇಡೀ ಭಾರತದ ಸರ್ಕಾರಿ ಬಾನುಲಿಯೇ ಆ ಹೆಸರನ್ನು ಪಡೆಯಿತು. ಮೇಲಿನವರು ಕೊಡಲಿ ಎಂದು ಅವರು ಕಾದು ಕೂರಲಿಲ್ಲ. ಮನೆಯ ಕೋಣೆಯಿಂದ ದನಿ ಹೊರಡಿಸಿದರು.

ಇವತ್ತು ನಮ್ಮ ಸ್ಥಿತಿ ಏನು? ಪ್ರತಿಯೊಬ್ಬರ ಜೇಬಿನಲ್ಲೂ ಫೋನಿದೆ. ಆದರೆ ಆ ಫೋನಿನಿಂದ ದನಿ ಹೇಗೆ ಹೋಗುತ್ತದೆ ಎಂದು ಕೇಳಿದರೆ ನೂರರಲ್ಲಿ ಎಷ್ಟು ಜನ ಹೇಳಬಲ್ಲಿರಿ? ಫೋನು ನಮ್ಮ ಕೈಯಲ್ಲಿದೆ, ಗೋಪುರ ನಮ್ಮ ಕೈಯಲ್ಲಿಲ್ಲ. ಗೋಪುರ ಮಲಗಿದ ದಿನ ನಾವೂ ಮೂಕರು. ೨೦೧೮ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದಾಗ ಏನಾಯಿತು? ರಸ್ತೆ ಹೋಯಿತು, ಕರೆಂಟು ಹೋಯಿತು, ಎಷ್ಟೋ ಊರುಗಳಲ್ಲಿ ಮೊಬೈಲಿನ ಸದ್ದೂ ಅಡಗಿತು. ತನ್ನವರು ಬದುಕಿದ್ದಾರೋ ಇಲ್ಲವೋ ಎಂದು ತಿಳಿಯದೆ ಬೆಂಗಳೂರಿನಲ್ಲಿ ಕೂತವರ ಸಂಕಟ ನೀವೂ ಕೇಳಿದ್ದೀರಿ.

ಅಂಥ ದಿನ ಗೋಪುರವಿಲ್ಲದೆ, ಕಂಪನಿಯಿಲ್ಲದೆ, ಸಿಮ್ ಕಾರ್ಡಿಲ್ಲದೆ ಮಾತು ದಾಟಿಸುವ ವಿದ್ಯೆ ಒಂದಿದೆ. ಅದೇ ಹವ್ಯಾಸಿ ರೇಡಿಯೋ, ಜನರ ಬಾಯಲ್ಲಿ ಹ್ಯಾಂ ರೇಡಿಯೋ. ೨೦೦೪ರ ಡಿಸೆಂಬರ್ ೨೬ರ ಸುನಾಮಿಯಲ್ಲಿ ಅಂಡಮಾನಿನ ಸಂಪರ್ಕವೆಲ್ಲ ಕಡಿದುಹೋದಾಗ, ಹ್ಯಾಂ ಕೆಲಸಕ್ಕೆಂದೇ ಪೋರ್ಟ್ ಬ್ಲೇರ್‌ಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಅವರ ತಂಡ ತಮ್ಮ ರೇಡಿಯೋದಿಂದ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸಿದರು. ಒಂದು ಸೆಟ್ಟು, ಒಂದು ಆಂಟೆನಾ, ಕೆಲಸ ಬಲ್ಲ ಕೈ, ಇಷ್ಟೇ ಅಲ್ಲಿದ್ದದ್ದು.

ಆ ವಿದ್ಯೆಯ ಮೊದಲ ಮೆಟ್ಟಿಲಾದ ವಿ.ಎಚ್.ಎಫ್. ನಿಲಯವನ್ನು ನಿಮ್ಮ ಮನೆಯ ತಾರಸಿಯಲ್ಲಿ ಹೂಡುವುದು ಹೇಗೆ ಎಂಬುದೇ ಇವತ್ತಿನ ಮಾತು. ಭಾವಾವೇಶ ಸ್ವಲ್ಪ ಬದಿಗಿಡಿ, ಕಾಗದ ಪೆನ್ನು ತೆಗೆಯಿರಿ.

ಮೊದಲು ಪರವಾನಗಿ, ಆಮೇಲೆ ಸೆಟ್ಟು

ಅಗ್ಗದ ಸೆಟ್ಟು ಸಿಗುತ್ತದೆ ಎಂದು ಇವತ್ತೇ ಎಸ್.ಪಿ. ರಸ್ತೆಗೆ ಓಡಬೇಡಿ. ಪರವಾನಗಿಯಿಲ್ಲದೆ ಪ್ರಸಾರ ಮಾಡುವುದು ಅಪರಾಧ. ಆ ಅಗ್ಗದ ಸೆಟ್ಟುಗಳಲ್ಲಿ ಕೆಲವು ಪೊಲೀಸರ, ಆಂಬುಲೆನ್ಸಿನವರ ತರಂಗಗಳಲ್ಲೂ ಕೂಗಬಲ್ಲವು. ನೀವು ಆಟಕ್ಕೆ ಗುಂಡಿ ಒತ್ತಿದ ಗಳಿಗೆಯಲ್ಲೇ ಎಲ್ಲೋ ಒಂದು ಜೀವದ ಕರೆ ಮುಚ್ಚಿಹೋಗಬಹುದು.

ಕೇಂದ್ರ ದೂರಸಂಪರ್ಕ ಇಲಾಖೆಯ ನಿಸ್ತಂತು ವಿಭಾಗ ಪರೀಕ್ಷೆ ನಡೆಸುತ್ತದೆ. ಹನ್ನೆರಡು ವರ್ಷ ತುಂಬಿದ ಯಾರಾದರೂ ಬರೆಯಬಹುದು. ಎರಡು ದರ್ಜೆಗಳಿವೆ. ನಿರ್ಬಂಧಿತ ದರ್ಜೆಗೆ ವಿದ್ಯುತ್ತು ಮತ್ತು ರೇಡಿಯೋದ ಮೂಲಪಾಠ, ಜೊತೆಗೆ ನಿಯಮಗಳು. ಸಾಮಾನ್ಯ ದರ್ಜೆಗೆ ಇವುಗಳ ಜೊತೆ ಮೋರ್ಸ್ ಸಂಕೇತವೂ ಬರಬೇಕು. ತೇರ್ಗಡೆಯಾದ ಮೇಲೆ ನಿಮಗೊಂದು ಕರೆಹೆಸರು ಸಿಗುತ್ತದೆ. ನಿರ್ಬಂಧಿತ ದರ್ಜೆಯವರಿಗೆ ವಿಯು೩, ಸಾಮಾನ್ಯ ದರ್ಜೆಯವರಿಗೆ ವಿಯು೨, ಮುಂದೆ ನಿಮ್ಮ ಅಕ್ಷರಗಳು. ಜಗತ್ತಿನಲ್ಲಿ ಆ ಹೆಸರು ಇನ್ನೊಬ್ಬರಿಗಿಲ್ಲ.

"ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು, ನನ್ನಿಂದಾಗುತ್ತದೆಯೇ?" ಎಂದು ಹಿಂದೆ ಕೂತಿರುವ ತಮ್ಮನೊಬ್ಬನ ಮುಖ ಕೇಳುತ್ತಿದೆ. ಆಗುತ್ತದೆ ತಮ್ಮಾ. ಓಮ್‌ನ ನಿಯಮ ಯಾವ ಭಾಷೆಯ ಅಪ್ಪನ ಆಸ್ತಿಯೂ ಅಲ್ಲ. ಏಳನೇ ತರಗತಿಯ ಗಣಿತ ಗೊತ್ತಿದ್ದರೆ ಈ ಲೆಕ್ಕ ನಿನಗೂ ಬರುತ್ತದೆ. ಈಗಲೇ ಒಂದನ್ನು ಮಾಡಿಬಿಡೋಣ.

ಎರಡು ಮೀಟರ್ ಅಂದರೇನು?

ವಿ.ಎಚ್.ಎಫ್. ಎಂದರೆ ೩೦ರಿಂದ ೩೦೦ ಮೆಗಾಹರ್ಟ್ಸ್‌ವರೆಗಿನ ತರಂಗಗಳು. ಅದರಲ್ಲಿ ಭಾರತದ ಹವ್ಯಾಸಿಗಳು ಹೆಚ್ಚು ಬಳಸುವ ಪಟ್ಟಿ ೧೪೪ರಿಂದ ೧೪೬ ಮೆಗಾಹರ್ಟ್ಸ್. ೩೦೦ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ತರಂಗದ ಉದ್ದ ಮೀಟರಿನಲ್ಲಿ ಸಿಗುತ್ತದೆ. ೩೦೦ ಭಾಗಿಸು ೧೪೫, ಎರಡು ಮೀಟರಿಗಿಂತ ತುಸು ಹೆಚ್ಚು. ಅದಕ್ಕೇ ಇದು 'ಎರಡು ಮೀಟರ್ ಬ್ಯಾಂಡ್'.

ಈ ತರಂಗ ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೇರ ಹೋಗುತ್ತದೆ. ಗುಡ್ಡ ಅಡ್ಡ ಬಂದರೆ ನಿಲ್ಲುತ್ತದೆ, ಭೂಮಿ ಬಾಗಿದಲ್ಲಿ ಮುಗಿಯುತ್ತದೆ. ಅಂದಮೇಲೆ ಇಲ್ಲಿ ಎತ್ತರವೇ ಬಂಡವಾಳ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಳ್ಳಿ, ಅದರ ವರ್ಗಮೂಲವನ್ನು ನಾಲ್ಕರಿಂದ ಗುಣಿಸಿ. ಸುಮಾರು ಅಷ್ಟು ಕಿಲೋಮೀಟರ್ ನಿಮ್ಮ ದಿಗಂತ. ಎದುರಿನವರ ಲೆಕ್ಕವನ್ನೂ ಹಾಗೇ ಮಾಡಿ ಕೂಡಿಸಿ. ಬೀದಿಯಲ್ಲಿ ಸೆಟ್ಟು ಹಿಡಿದು ನಿಂತ ಇಬ್ಬರ ನಡುವೆ ಬಯಲಿನಲ್ಲೂ ಹತ್ತು ಕಿಲೋಮೀಟರೇ ಮಿತಿ. ಕಟ್ಟಡಗಳ ನಡುವೆ ಒಂದೆರಡು ಕಿಲೋಮೀಟರ್ ಸಿಕ್ಕರೆ ಪುಣ್ಯ. ಅದೇ ಇಬ್ಬರೂ ಹತ್ತು ಮೀಟರ್ ಎತ್ತರದ ತಾರಸಿಯಲ್ಲಿ ಆಂಟೆನಾ ನಿಲ್ಲಿಸಿದರೆ ಇಪ್ಪತ್ತೈದು ಕಿಲೋಮೀಟರ್. ಸಮುದ್ರಮಟ್ಟದಿಂದ ೧೪೭೮ ಮೀಟರ್ ಎತ್ತರದ ನಂದಿಬೆಟ್ಟ ತನ್ನ ಸುತ್ತಲ ಬಯಲಿಗಿಂತ ಐನೂರು ಮೀಟರಿಗೂ ಮೇಲಿದೆ. ಅದರ ನೆತ್ತಿಯಿಂದ ಈ ದಿಗಂತ ತೊಂಬತ್ತು ಕಿಲೋಮೀಟರಿಗೆ ಹೋಗುತ್ತದೆ! ಹತ್ತು ಸಾವಿರ ರೂಪಾಯಿ ಹೆಚ್ಚು ಕೊಟ್ಟು ಶಕ್ತಿಶಾಲಿ ಸೆಟ್ಟು ಕೊಳ್ಳುವವನಿಗಿಂತ, ಹತ್ತು ಅಡಿ ಹೆಚ್ಚು ಎತ್ತರಕ್ಕೆ ಪೈಪು ಏರಿಸುವವನೇ ಜಾಣ.

ಆಂಟೆನಾ: ಕೈಯಾರೆ ಮಾಡಿ

ಅಂಗಡಿಯಿಂದಲೇ ತರಬೇಕೆಂದಿಲ್ಲ. ಒಂದು ಎಸ್.ಓ. ೨೩೯ ಸಾಕೆಟ್ಟು, ಐದು ಹಿತ್ತಾಳೆ ಕಡ್ಡಿ ಅಥವಾ ದಪ್ಪ ತಾಮ್ರದ ತಂತಿ, ನಾಲ್ಕು ಸಣ್ಣ ಬೋಲ್ಟು ನಟ್ಟು, ಬೆಸುಗೆ ಹಾಕುವ ಕಾವುಕಡ್ಡಿ. ಸಾಮಾನು ಇಷ್ಟೇ.

ತರಂಗದ ನಾಲ್ಕನೇ ಒಂದು ಭಾಗ ೫೨ ಸೆಂಟಿಮೀಟರಿಗೆ ತುಸು ಕಡಿಮೆ. ಲೋಹದ ಕಡ್ಡಿಯಲ್ಲಿ ಅದರ ನೂರಕ್ಕೆ ತೊಂಬತ್ತೈದು ಭಾಗ ಸಾಕು, ಅಂದರೆ ೪೯ ಸೆಂಟಿಮೀಟರ್. ಈ ಕಡ್ಡಿಯನ್ನು ಸಾಕೆಟ್ಟಿನ ನಡುವಿನ ಪಿನ್ನಿಗೆ ನೆಟ್ಟಗೆ ಬೆಸೆಯಿರಿ. ಉಳಿದ ನಾಲ್ಕನ್ನು ೫೨ ಸೆಂಟಿಮೀಟರಿಗೆ ಕತ್ತರಿಸಿ, ಸಾಕೆಟ್ಟಿನ ನಾಲ್ಕು ಮೂಲೆಯ ತೂತುಗಳಿಗೆ ಬೋಲ್ಟು ಹಾಕಿ ಬಿಗಿಯಿರಿ. ಆಮೇಲೆ ಕೊಡೆಯ ಕಡ್ಡಿಗಳಂತೆ ೪೫ ಡಿಗ್ರಿ ಕೆಳಗೆ ಬಾಗಿಸಿ. ಹೀಗೆ ಬಾಗಿಸಿದರೆ ಆಂಟೆನಾದ ಪ್ರತಿರೋಧ ೫೦ ಓಮ್‌ಗೆ ಹತ್ತಿರ ಬರುತ್ತದೆ. ಸೆಟ್ಟೂ ೫೦ ಓಮ್, ಕೇಬಲ್ಲೂ ೫೦ ಓಮ್. ಮೂರೂ ಹೊಂದಿದರೆ ಶಕ್ತಿ ಪೂರ್ತಿ ಹೊರಗೆ ಹೋಗುತ್ತದೆ.

ನಡುವಿನ ಕಡ್ಡಿಯನ್ನು ಮೊದಲು ಒಂದೆರಡು ಸೆಂಟಿಮೀಟರ್ ಉದ್ದವೇ ಇಡಿ. ಉದ್ದವಿದ್ದದ್ದನ್ನು ಕತ್ತರಿಸಬಹುದು, ಕತ್ತರಿಸಿದ್ದನ್ನು ಬೆಳೆಸಲಾಗದು. ಕಡ್ಡಿ ನೆಟ್ಟಗೇ ನಿಲ್ಲಬೇಕು. ಎರಡು ಮೀಟರಿನ ಎಫ್.ಎಂ. ಮಾತುಕತೆಯೆಲ್ಲ ಲಂಬ ಆಂಟೆನಾಗಳಲ್ಲೇ ನಡೆಯುತ್ತದೆ. ನಿಮ್ಮದು ಮಲಗಿದ್ದರೆ ನಿಮ್ಮ ದನಿ ನೂರರಲ್ಲೊಂದು ಪಾಲಿಗೆ ಇಳಿಯಬಹುದು.

ಈಗ ಒಂದು ಎಚ್ಚರಿಕೆ, ಇದನ್ನು ಎರಡು ಸಲ ಬರೆದುಕೊಳ್ಳಿ. ಬೆಸ್ಕಾಂ ತಂತಿ ಹಾದುಹೋಗುವ ಕಡೆ ಆಂಟೆನಾ ಏರಿಸಬೇಡಿ. ಪೈಪು ಯಾವ ದಿಕ್ಕಿಗೆ ಬಿದ್ದರೂ ವಿದ್ಯುತ್ ತಂತಿಯನ್ನು ಮುಟ್ಟದಷ್ಟು ದೂರವಿರಲಿ. ಒಬ್ಬರೇ ಹತ್ತಬೇಡಿ. ಪೈಪಿಗೆ ದಪ್ಪ ತಾಮ್ರದ ತಂತಿಯಿಂದ ಭೂಸಂಪರ್ಕ ಕೊಡಿ. ಮೋಡ ಕಟ್ಟುತ್ತಿದ್ದಂತೆ, ಗುಡುಗು ಶುರುವಾಗುವ ಮೊದಲೇ ಕೇಬಲ್ಲನ್ನು ಸೆಟ್ಟಿನಿಂದ ಕಳಚಿ ಮನೆಯ ಹೊರಗೆ ಹಾಕಿ. ನಮಗೆ ಹುತಾತ್ಮರು ಬೇಡ, ಬದುಕಿ ಕೆಲಸ ಮಾಡುವವರು ಬೇಕು.

ಕೇಬಲ್ಲು: ಕಣ್ಣಿಗೆ ಕಾಣದ ಕಳ್ಳ

ಹೊಸಬರು ಎಡವುವುದು ಇಲ್ಲೇ. ಸೆಟ್ಟಿಗೆ ಸಾವಿರಗಟ್ಟಲೆ ಸುರಿದು ಕೇಬಲ್ಲಿಗೆ ಚೌಕಾಸಿ ಮಾಡುತ್ತಾರೆ. ಆರ್.ಜಿ. ೫೮ ಎಂಬ ತೆಳ್ಳನೆ ಕೇಬಲ್ಲನ್ನು ಮೂವತ್ತು ಮೀಟರ್ ಎಳೆದರೆ, ಐವತ್ತು ವ್ಯಾಟಿನಲ್ಲಿ ಆಂಟೆನಾ ತಲುಪುವುದು ಸುಮಾರು ಕಾಲು ಭಾಗ ಮಾತ್ರ. ಉಳಿದದ್ದು ಕೇಬಲ್ಲನ್ನು ಬಿಸಿ ಮಾಡುತ್ತದೆ. ಅದೇ ದೂರಕ್ಕೆ ದಪ್ಪನೆಯ ಆರ್.ಜಿ. ೨೧೩ ಹಾಕಿದರೆ ಅರ್ಧಕ್ಕೂ ಹೆಚ್ಚು ಮೇಲೆ ತಲುಪುತ್ತದೆ. ಬರುವ ದನಿಗೂ ಇದೇ ಲೆಕ್ಕ. ಟಿ.ವಿ. ಕೇಬಲ್ಲು ೭೫ ಓಮ್‌ನದು, ಅದನ್ನು ತಂದು ತುರುಕಬೇಡಿ. ತಾರಸಿಯ ಕೆಳಗಿನ ಕೋಣೆಯಲ್ಲೇ ಸೆಟ್ಟಿಟ್ಟು ದೂರ ಕಡಿಮೆ ಮಾಡಿದರೆ ಅತ್ಯುತ್ತಮ. ಹೊರಗಿನ ಜೋಡಣೆಗೆ ನೀರು ಇಳಿಯದಂತೆ ರಬ್ಬರ್ ಟೇಪು ಸುತ್ತಿ. ನಮ್ಮ ಮಳೆಗಾಲ ಒಂದೇ ವರ್ಷದಲ್ಲಿ ಕೇಬಲ್ಲನ್ನು ಕೊಳೆಸಿಬಿಡುತ್ತದೆ.

ಎಲ್ಲ ಜೋಡಿಸಿದ ಮೇಲೆ ನಡುವೆ ಎಸ್.ಡಬ್ಲ್ಯು.ಆರ್. ಮೀಟರ್ ಹಾಕಿ ನೋಡಿ. ಹೋದ ಶಕ್ತಿಯಲ್ಲಿ ಎಷ್ಟು ವಾಪಸ್ ಬರುತ್ತಿದೆ ಎಂದು ಅದು ಹೇಳುತ್ತದೆ. ಒಂದೂವರೆ ತೋರಿಸಿದರೆ ವಾಪಸ್ ಬರುವುದು ನೂರಕ್ಕೆ ನಾಲ್ಕು, ಬಹಳ ಚೆನ್ನ. ಎರಡಾದರೆ ಹನ್ನೊಂದು, ನಡೆಯುತ್ತದೆ. ಮೂರಾದರೆ ಇಪ್ಪತ್ತೈದು, ನಿಲ್ಲಿಸಿ! ಸೆಟ್ಟು ಸುಟ್ಟೀತು. ಕಡಿಮೆ ಶಕ್ತಿಯಲ್ಲಿಟ್ಟು, ತರಂಗ ಖಾಲಿಯಿದೆಯೇ ಎಂದು ಕೇಳಿಸಿಕೊಂಡು, ಪಟ್ಟಿಯ ಕೆಳತುದಿ, ನಡು, ಮೇಲ್ತುದಿ ಮೂರು ಕಡೆ ಅಳೆಯಿರಿ. ೧೪೪ರ ಬಳಿ ಚೆನ್ನಾಗಿದ್ದು ೧೪೬ರ ಬಳಿ ಕೆಟ್ಟಿದ್ದರೆ ಕಡ್ಡಿ ಉದ್ದವಿದೆ ಎಂದರ್ಥ. ಎರಡೆರಡು ಮಿಲಿಮೀಟರ್ ಕತ್ತರಿಸುತ್ತಾ ಬನ್ನಿ.

ಕರೆಂಟು ಹೋದ ಮೇಲೂ ಉಳಿಯಬೇಕು

ಮನೆಯಲ್ಲಿಡುವ ಐವತ್ತು ವ್ಯಾಟಿನ ಸೆಟ್ಟಿಗೆ ೧೩.೮ ವೋಲ್ಟ್ ಬೇಕು. ಪೂರ್ತಿ ಶಕ್ತಿಯಲ್ಲಿ ಮಾತಾಡುವಾಗ ಹತ್ತು ಹನ್ನೆರಡು ಆಂಪಿಯರ್ ಎಳೆಯುತ್ತದೆ. ಆದ್ದರಿಂದ ಇಪ್ಪತ್ತು ಆಂಪಿಯರ್‌ನ ಪವರ್ ಸಪ್ಲೈ ಇರಲಿ. ಪ್ಲಸ್ಸು ಮೈನಸ್ಸು ತಿರುಗಿಸಿ ಕೊಟ್ಟರೆ ಕಥೆ ಮುಗಿಯಿತು. ಸೆಟ್ಟಿನ ಜೊತೆ ಬಂದ ಫ್ಯೂಸನ್ನು ಕಿತ್ತು ತಂತಿ ಸುತ್ತುವ ಬುದ್ಧಿವಂತಿಕೆ ಬೇಡ.

ಆದರೆ ಗೋಡೆಯ ಪ್ಲಗ್ಗನ್ನೇ ನಂಬಿದ ನಿಲಯ ಆಪತ್ತಿನ ದಿನ ಸತ್ತ ನಿಲಯ. ಒಂದು ಹನ್ನೆರಡು ವೋಲ್ಟಿನ, ನಲವತ್ತು ಆಂಪಿಯರ್-ಗಂಟೆಯ ಬ್ಯಾಟರಿ ಇಡಿ. ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸಿ, ಇಪ್ಪತ್ತು ಎನ್ನಿ. ಬರೀ ಕೇಳಲು ಅರ್ಧ ಆಂಪಿಯರ್ ಬೇಕೆಂದರೆ ಇಪ್ಪತ್ತನಾಲ್ಕು ಗಂಟೆಗೆ ಹನ್ನೆರಡು. ಉಳಿದ ಎಂಟರಲ್ಲಿ, ಹತ್ತು ವ್ಯಾಟಿಗೆ ಇಳಿಸಿ ನಾಲ್ಕು ಆಂಪಿಯರ್‌ನಲ್ಲಿ ಮಾತಾಡಿದರೆ ಎರಡು ಗಂಟೆಯ ಮಾತು. ಊರಿಗೆ ಊರೇ ಕತ್ತಲಾದಾಗಲೂ ಒಂದಿಡೀ ದಿನ ನೀವು ಮಾತಾಡಬಲ್ಲಿರಿ. ಇದಕ್ಕಿಂತ ದೊಡ್ಡ ಸ್ವಾತಂತ್ರ್ಯ ಯಾವುದು?

ಸೆಟ್ಟಿನ ಗುಂಡಿಗಳು

ಗುಂಡಿಗಳನ್ನು ನೋಡಿ ಹೆದರಬೇಡಿ. ಒಂದೊಂದಾಗಿ ಬನ್ನಿ. ಮೊದಲು ತರಂಗಸಂಖ್ಯೆ ಕೊಡಿ. ವಿಧಾನ ಎಫ್.ಎಂ. ಇರಲಿ. ಆಂಟೆನಾ ಜೋಡಿಸದೆ ಮಾತಿನ ಗುಂಡಿ ಎಂದೂ ಒತ್ತಬೇಡಿ. ಸ್ಕ್ವೆಲ್ಚ್ ಎಂಬುದು ಬಾಗಿಲು ಕಾಯುವವನು. ಸುಯ್ಯೆನ್ನುವ ಸದ್ದು ನಿಲ್ಲುವಷ್ಟು ಮಾತ್ರ ತಿರುಗಿಸಿ. ಹೆಚ್ಚು ತಿರುಗಿಸಿದರೆ ಕ್ಷೀಣವಾಗಿ ಕರೆಯುವವನನ್ನೂ ಅವನು ಒಳಗೆ ಬಿಡುವುದಿಲ್ಲ.

ಇನ್ನು ರಿಪೀಟರ್. ಇದು ಎತ್ತರದ ಜಾಗದಲ್ಲಿ ಕೂತು ನಿಮ್ಮ ದನಿ ಕೇಳಿ ಅದೇ ಕ್ಷಣ ದೊಡ್ಡದಾಗಿ ಕೂಗಿ ಹೇಳುವ ಯಂತ್ರ. ಕೇಳುವುದು ಒಂದು ತರಂಗದಲ್ಲಿ, ಹೇಳುವುದು ಇನ್ನೊಂದರಲ್ಲಿ. ಎರಡು ಮೀಟರಿನಲ್ಲಿ ಈ ಅಂತರ ಸಾಮಾನ್ಯವಾಗಿ ೬೦೦ ಕಿಲೋಹರ್ಟ್ಸ್. ಉದಾಹರಣೆಗೆ, ರಿಪೀಟರ್ ೧೪೫.೧೦೦ರಲ್ಲಿ ಹೇಳಿದರೆ ೧೪೪.೫೦೦ರಲ್ಲಿ ಕೇಳುತ್ತದೆ. ಆದ್ದರಿಂದ ಸೆಟ್ಟಿನಲ್ಲಿ ಶಿಫ್ಟನ್ನು ಮೈನಸ್, ೬೦೦ ಎಂದು ಕೊಡಬೇಕು. ಕೆಲವು ರಿಪೀಟರಿಗೆ ಬೀಗವೂ ಇರುತ್ತದೆ. ನಿಮ್ಮ ಮಾತಿನ ಕೆಳಗೆ, ಕಿವಿಗೆ ಬೀಳದ ಹಾಗೆ ಒಂದು ಸಣ್ಣ ಸ್ವರ ಸೇರಿದ್ದರೆ ಮಾತ್ರ ತೆರೆಯುತ್ತದೆ. ಅದೇ ಸಿ.ಟಿ.ಸಿ.ಎಸ್.ಎಸ್. ಟೋನು. ಹೊಸಬ ಎಷ್ಟು ಕೂಗಿದರೂ ರಿಪೀಟರ್ ಉತ್ತರ ಕೊಡಲಿಲ್ಲ ಎಂದರೆ ನೋಡಬೇಕಾದದ್ದು ಎರಡೇ: ಶಿಫ್ಟು ಸರಿಯೇ, ಟೋನು ಸರಿಯೇ. ನಿಮ್ಮ ಊರಿನ ರಿಪೀಟರಿನ ಅಂಕಿಗಳನ್ನು ಅಲ್ಲಿನ ಹಿರಿಯ ಹ್ಯಾಂಗಳಿಂದ ಕೇಳಿ ಪಡೆದು ಮೆಮೊರಿಯಲ್ಲಿ ಕೂಡಿಸಿಡಿ.

ಪರೀಕ್ಷೆಗೆ ಆಕಾಶವೇ ಇದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹವ್ಯಾಸಿ ರೇಡಿಯೋ ೧೪೫.೮೦೦ರಲ್ಲಿ ಭೂಮಿಗೆ ಮಾತಾಡುತ್ತದೆ. ೨೦೨೫ರ ಜುಲೈಯಲ್ಲಿ ಶುಭಾಂಶು ಶುಕ್ಲಾ ಅಲ್ಲಿದ್ದಾಗ, ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಮಕ್ಕಳು ಹ್ಯಾಂ ರೇಡಿಯೋದಲ್ಲೇ ಅವರೊಡನೆ ಮಾತಾಡಿದರು. ಅದಕ್ಕೂ ಮೊದಲು, ೨೦೦೫ರ ಮೇ ೫ರಂದು ಇಸ್ರೋ ಹಾರಿಸಿದ ಹ್ಯಾಂಸ್ಯಾಟ್ ೨೦೧೪ರವರೆಗೂ ಜಗತ್ತಿನ ಹವ್ಯಾಸಿಗಳ ಮಾತನ್ನು ಇದೇ ಎರಡು ಮೀಟರಿನಲ್ಲಿ ಕೆಳಗಿಳಿಸಿತು.

ಯಾವ ಭಾಷೆಯಲ್ಲಿ ಮಾತಾಡುತ್ತೀರಿ?

ನಿಲಯ ಸಿದ್ಧವಾಯಿತು. ಈಗ ಬಾಯಿ ತೆರೆಯಬೇಕು. ಇಲ್ಲಿ ನಮ್ಮ ಹುಡುಗರಿಗೆ ಒಂದು ಕಾಯಿಲೆ ಇದೆ. ಮೈಕು ಕೈಗೆ ಬಂದ ತಕ್ಷಣ, ಆ ಬದಿಯವನು ಹಾಸನದವನು, ಈ ಬದಿಯವನು ತುಮಕೂರಿನವನು, ಇಬ್ಬರೂ ಹರಕು ಇಂಗ್ಲಿಷಿಗೆ ಇಳಿಯುತ್ತಾರೆ! ಯಾರು ಹೇಳಿದರು ಹಾಗೆ ಮಾಡಲು? ಹವ್ಯಾಸಿ ರೇಡಿಯೋದಲ್ಲಿ ನಿಷೇಧವಿರುವುದು ಗುಪ್ತ ಸಂಕೇತಕ್ಕೆ, ತಾಯಿನುಡಿಗಲ್ಲ. ಕರೆಹೆಸರನ್ನು ಜಗತ್ತೆಲ್ಲ ಹೇಳುವಂತೆ ಆಲ್ಫಾ, ಬ್ರಾವೋ ಎಂದೇ ಹೇಳಿ, ಅದು ಶಿಸ್ತು. ಉಳಿದ ಮಾತಿಗೆ ಕನ್ನಡವೇನು ಸಾಲದೇ?

ಇದು ಬರೀ ಅಭಿಮಾನದ ಮಾತಲ್ಲ, ಜೀವದ ಮಾತು. ನೆರೆ ಬಂದ ಹಳ್ಳಿಯಿಂದ ಒಂದು ಸಂದೇಶ ಬರುತ್ತದೆ. ಬರೆದುಕೊಳ್ಳುವವನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 'ಬೇಳೆ', 'ಬೆಳೆ', 'ಬೆಲೆ' ಮೂರೂ ಒಂದೇ! ಶಿಬಿರಕ್ಕೆ ಬೇಳೆ ಬೇಕೋ, ಬೆಳೆ ಹೋಯಿತೋ, ಬೆಲೆ ಏರಿತೋ? 'ಹಾಲು' ಇಲ್ಲ ಎಂದರೋ, 'ಹಾಳು' ಎಂದರೋ? ನಿಂತಿರುವುದು ಕೆರೆಯ ಬಳಿಯೋ, ಕೇರಿಯ ಬಳಿಯೋ? ಲಕ್ಷ ರೂಪಾಯಿಯ ಸೆಟ್ಟಿದ್ದರೂ ಈ ಗೊಂದಲ ಬಿಡಿಸಲಾರದು. ಕನ್ನಡ ಕೇಳುವ ಕಿವಿ, ಕನ್ನಡ ಬರೆಯುವ ಕೈ ಬಿಡಿಸುತ್ತದೆ. ಸೋತು ಸುಣ್ಣವಾಗಿ ಮೈಕಿನ ಮುಂದೆ ಬಂದ ರೈತ ಅಜ್ಜಿ "ನಮ್ ಹುಡ್ಗ ದಿಬ್ಬದ್ ಮ್ಯಾಲವ್ನೆ" ಎಂದರೆ ಅದನ್ನು ತಿದ್ದದೆ, ತಿರುಚದೆ ದಾಟಿಸುವವರು ಯಾರು? ನೀವೇ.

ಅದಕ್ಕೆ ನಾವು ತಯಾರಾಗಬೇಕು. ಸದ್ದುಗದ್ದಲದಲ್ಲಿ ಅಕ್ಷರ ಬಿಡಿಸಿ ಹೇಳಲು ಶಾಲೆಯ ಮೊದಲ ಪಾಠವೇ ಸಾಕು: ಅರಸನ ಅ, ಆನೆಯ ಆ, ಲವಂಗದ ಲ, ಬಾಳೆಯ ಳ, ನಾಯಿಯ ನ, ಬಾಣದ ಣ. ಅಂಕಿಗಳಲ್ಲಿ ಎಚ್ಚರ. ಗಾಳಿಯ ಸದ್ದಿನಲ್ಲಿ ಆರು, ಮೂರು, ನೂರು ಒಂದೇ ಥರ ಕೇಳುತ್ತವೆ. 'ಮುನ್ನೂರಾ ಆರು' ಎನ್ನದೆ 'ಮೂರು, ಸೊನ್ನೆ, ಆರು' ಎಂದು ಬಿಡಿಬಿಡಿಯಾಗಿ ಹೇಳಿ. ಕೇಳಿದವನು ವಾಪಸ್ ಓದಿ ಹೇಳಲಿ. ವಾರಕ್ಕೊಮ್ಮೆ ನಾಲ್ಕು ಗೆಳೆಯರು ಸೇರಿ ಗಾಳಿಯಲ್ಲೇ ಇದರ ಅಭ್ಯಾಸ ಮಾಡಿ.

ಇನ್ನೊಂದು ಮಾತು, ನಮ್ಮವರಿಗೇ ಹೇಳಬೇಕಾದದ್ದು. ಹವ್ಯಾಸಿ ರೇಡಿಯೋ ಇರುವುದು ಕಲಿಯಲು, ಪ್ರಯೋಗಕ್ಕೆ, ಆಪತ್ತಿನಲ್ಲಿ ನೆರವಿಗೆ. ಅದರಲ್ಲಿ ವ್ಯಾಪಾರ ಸಲ್ಲದು, ಹಾಡು ಹಾಕುವುದು ಸಲ್ಲದು. ಘೋಷಣೆ ಕೂಗಲು, ಮೆರವಣಿಗೆಗೆ ಜನ ಸೇರಿಸಲು ಅದು ವೇದಿಕೆಯಲ್ಲ. ಅದಕ್ಕೆ ಬೀದಿ ಇದೆ. ಕನ್ನಡ ಬಾರದವರು ಗಾಳಿಯಲ್ಲಿ ಸಿಕ್ಕರೆ ನಮಸ್ಕಾರವನ್ನು ಕನ್ನಡದಲ್ಲೇ ಹೇಳಿ. ತಿಳಿಯದಿದ್ದರೆ ಅವರಿಗೆ ತಿಳಿಯುವ ನುಡಿಯಲ್ಲಿ ಮಾತಾಡಿ. ಹೋಗುವಾಗ ಅವರಿಗೆ ಎರಡು ಕನ್ನಡ ಪದ ಕಲಿಸಿ ಕಳಿಸಿ. ಮೊದಲು ಕೇಳಿ, ಆಮೇಲೆ ಒತ್ತಿ. ಒತ್ತಿದ ಮೇಲೆ ಒಂದು ಕ್ಷಣ ತಡೆದು ಮಾತು ಶುರುಮಾಡಿ. ಸರದಿ ಬದಲಾಗುವಾಗ ನಡುವೆ ತುಸು ಜಾಗ ಬಿಡಿ. ಯಾರಿಗೋ ತುರ್ತಿರಬಹುದು.

ಗೆಳೆಯರೇ, ಕನ್ನಡ ಉಳಿಯಲಿ ಎಂದು ನಾವು ಕೂಗುತ್ತೇವೆ. ಕೂಗಬೇಕು. ಆದರೆ ಹೊಸ ವಿದ್ಯೆಯ ಒಳಗೆ ಹೋಗಿ ಕೂರದ ಭಾಷೆ ಹಾಡಿನಲ್ಲಿ ಉಳಿದರೂ ಕೆಲಸದಲ್ಲಿ ಉಳಿಯುವುದಿಲ್ಲ. ಬೆಸುಗೆಯ ಹೊಗೆ ಕುಡಿದು, ತಾರಸಿಯಲ್ಲಿ ಬಿಸಿಲು ತಿಂದು ನೀವು ನಿಲ್ಲಿಸಿದ ಆ ಒಂದೂವರೆ ಅಡಿಯ ಕಡ್ಡಿ ನೂರು ಬ್ಯಾನರಿಗೆ ಸಮ. ಪ್ರತಿ ಬಡಾವಣೆಗೆ ಒಬ್ಬ, ಪ್ರತಿ ತಾಲ್ಲೂಕಿಗೆ ಇಬ್ಬರು ಕನ್ನಡದ ಹ್ಯಾಂಗಳು ಇದ್ದರೆ ಮುಂದಿನ ಮಳೆಗಾಲಕ್ಕೆ ನಮ್ಮ ನಾಡು ಮೂಕವಾಗುವುದಿಲ್ಲ.

ಇವತ್ತು ಹೆಸರು ಬರೆಸುವವರು ಬರೆಸಿ. ಮುಂದಿನ ಭಾನುವಾರ ಓಮ್‌ನ ನಿಯಮದಿಂದ ಪಾಠ ಶುರು. ಬರುವಾಗ ಒಂದು ನೋಟ್‌ಬುಕ್ಕು, ಒಂದು ಅಳತೆಪಟ್ಟಿ ತನ್ನಿ.